ಕರೆಂಟ್ ಮೊದಲು ಹೋದ ಊರು

ಲ್ಯಾವೆಲ್ಲೆ ರೋಡಿನಲ್ಲಿ ಕಾಫಿ ಕುಡಿಯುವವರಲ್ಲಿ ಎಷ್ಟು ಜನಕ್ಕೆ ಈ ಲ್ಯಾವೆಲ್ಲೆ ಯಾರು ಅಂತ ಗೊತ್ತು? ಮೈಕಲ್ ಲ್ಯಾವೆಲ್ಲೆ ಐರ್ಲೆಂಡಿನವನು. ನ್ಯೂಜಿಲೆಂಡಿನಲ್ಲಿ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು ನೆಲೆಸಿದ ಸಿಪಾಯಿ. ಕೋಲಾರದ ನೆಲದಲ್ಲಿ ಚಿನ್ನ ಇದೆ ಅಂತ ಬೆನ್ನುಹತ್ತಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಗಿಟ್ಟಿಸಿಕೊಂಡ. ಅಗೆಯೋಕೆ ದುಡ್ಡು ಸಾಲದೆ ಹಕ್ಕು ಮಾರಿದ. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಕಾಲಿಟ್ಟಿತು.

ಜಾಗತೀಕರಣ ಅಂದ ತಕ್ಷಣ ನಮ್ಮ ತಲೇಲಿ 1991 ಅಂತ ಮೂಡುತ್ತೆ. ನನ್ನ ಪ್ರಕಾರ ನಮ್ಮ ಕಡೆ ಅದು ನೂರು ವರ್ಷ ಮೊದಲೇ ಬಂದಿತ್ತು. ಬಂಡವಾಳ ಲಂಡನ್ನಿನದು, ಅನುಭವ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರದು, ನೆಲ ಮೈಸೂರಿನದು, ಬೆವರು ಬಹುಪಾಲು ಉತ್ತರ ಆರ್ಕಾಟಿನಂಥ ತಮಿಳು ಸೀಮೆಯಿಂದ ಬಂದ ದಲಿತರದು. ಮ್ಯಾನೇಜರುಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಊರಿಗೆ ‘ಲಿಟಲ್ ಇಂಗ್ಲೆಂಡ್’ ಅನ್ನೋ ಹೆಸರೇ ಬಿತ್ತು. ಕೂಲಿಗಳಿಗೆ ‘ಲೈನು’ಗಳಲ್ಲಿ ಬಿದಿರು ತಟ್ಟಿಯ ಒಂದೇ ಕೋಣೆ.

ಈ ಕಥೆಯಲ್ಲಿ ಬಿಳಿಯರು ದೋಚಿಕೊಂಡು ಹೋದರು ಅಂದುಬಿಟ್ಟರೆ ಕೆಲಸ ಸುಲಭ. ಆದ್ರೆ ಅಷ್ಟೇ ಅಲ್ಲ. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟ್ ತಯಾರಾದಾಗ, 1902ರಲ್ಲಿ, ಅದು ಮೊದಲು ಹೋಗಿದ್ದು ಸುಮಾರು 150 ಕಿಲೋಮೀಟರ್ ದೂರದ ಈ ಗಣಿಗಳಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಗಣಿ ಕೊಟ್ಟ ರಾಯಧನ, ಕರೆಂಟಿನ ಬಿಲ್ಲು ಎರಡೂ ಮೈಸೂರಿನ ಖಜಾನೆ ಸೇರುತ್ತಿದ್ದವು. ‘ಮಾದರಿ ಸಂಸ್ಥಾನ’ ಅಂತ ನಾವು ಇವತ್ತಿಗೂ ಎದೆಯುಬ್ಬಿಸಿ ಹೇಳ್ತೀವಲ್ಲ, ಅದರ ಬುನಾದಿಯಲ್ಲಿ ಈ ದುಡ್ಡೂ ಇದೆ. ಅಂದ್ರೆ ಲಾಭ ಲಂಡನ್ನಿಗೂ ಸಿಕ್ಕಿತು, ಮೈಸೂರಿಗೂ ಸಿಕ್ಕಿತು, ಬೆಂಗಳೂರಿಗೂ ಸಿಕ್ಕಿತು. ಅಗೆದವನಿಗೆ ಸಿಕ್ಕಿದ್ದು ಕೂಲಿ, ಜೊತೆಗೆ ಕಲ್ಲಿನ ದೂಳು ತುಂಬಿದ ಶ್ವಾಸಕೋಶ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿಯಿತು. ಅಷ್ಟು ಕೆಳಗೆ ಬಂಡೆ ಮುಟ್ಟಿದರೆ ಸುಡುತ್ತೆ, ಒತ್ತಡಕ್ಕೆ ಅದು ಇದ್ದಕ್ಕಿದ್ದಂತೆ ಸಿಡಿಯುತ್ತೆ. ಹಾಗೆ ಸಿಡಿದ ಬಂಡೆಗೆ ಬಲಿಯಾದವರು ಎಷ್ಟೋ ಮಂದಿ.

ಅವರು ಬಾಯಿ ಮುಚ್ಚಿಕೊಂಡು ಇರಲಿಲ್ಲ. 1930ರಲ್ಲಿ ಕಂಪನಿ ಪ್ರತಿಯೊಬ್ಬ ಕೂಲಿಯ ಬೆರಳಚ್ಚು ತಗೊಂಡು ದಾಖಲೆ ಮಾಡ್ತೀವಿ ಅಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಮುಷ್ಕರ ಮೂರು ವಾರ ನಡೀತು. ನಾವು ಆಫೀಸಿನ ಬಾಗಿಲಲ್ಲಿ ದಿನಾ ಬೆರಳಿಟ್ಟು ಒಳಗೆ ಹೋಗ್ತೀವಿ, ಯಾರೂ ತಕರಾರು ಮಾಡಿದ್ದು ನಾನು ಕಂಡಿಲ್ಲ. ಓದು ಬರಹ ಬಾರದ ಆ ಜನಕ್ಕೆ ಅರ್ಥವಾಗಿದ್ದು ಇಷ್ಟು: ಬೆರಳಚ್ಚು ಒಮ್ಮೆ ಕಂಪನಿಯ ಕೈ ಸೇರಿದರೆ ಒಂದು ಗಣಿಯಲ್ಲಿ ಜಗಳ ಮಾಡಿದವನಿಗೆ ಪಕ್ಕದ ಗಣಿಯಲ್ಲೂ ಕೆಲಸ ಸಿಗಲ್ಲ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, ಆಮೇಲೆ ಕೇಂದ್ರ ಸರ್ಕಾರ. ಮಾಲೀಕರು ಬದಲಾದರು, ಚಿನ್ನ ಕಡಿಮೆಯಾಗ್ತಾ ಹೋಯಿತು, ನಷ್ಟ ಬೆಳೀತು. ಒಟ್ಟು ಸುಮಾರು 800 ಟನ್ ಚಿನ್ನ ತೆಗೆದಾದ ಮೇಲೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮುಚ್ಚಬಾರದಿತ್ತು ಅಂತ ನಾನು ಹೇಳಲ್ಲ. ಆದರೆ 120 ವರ್ಷ ಲೆಕ್ಕ ಬರೆದವರು, ಒಂದು ಊರಿಗೆ ಊರೇ ಬದುಕೋಕೆ ಇನ್ನೊಂದು ದಾರಿ ಬೇಕು ಅನ್ನೋದನ್ನ ಯಾವ ಪುಟದಲ್ಲೂ ಬರೆದುಕೊಂಡಿರಲಿಲ್ಲ. ಅದೇ ಹೊತ್ತಿಗೆ ಇತ್ತ ಬೆಂಗಳೂರಿನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡ ಏಳುತ್ತಿದ್ದವು.

ಈಗ ಮಾರಿಕುಪ್ಪಂನಿಂದ ಬೆಳಗ್ಗೆ ಹೊರಡೋ ರೈಲು ಗಣಿ ಕೆಲಸಗಾರರ ಮಕ್ಕಳು, ಮೊಮ್ಮಕ್ಕಳನ್ನು ತುಂಬಿಕೊಂಡು ಬೆಂಗಳೂರಿಗೆ ಬರುತ್ತೆ. ರಾತ್ರಿ ವಾಪಸ್. ಅವರ ಊರಲ್ಲಿ ಪಂಪು ನಿಂತು ಗಣಿಯೊಳಗೆ ನೀರು ತುಂಬಿದೆ. ಹೊರಗೆ ಅದಿರು ಅರೆದು ಬಿಸಾಕಿದ ಸೈನೈಡ್ ಗುಡ್ಡಗಳಿವೆ, ಗಾಳಿ ಎದ್ದಾಗ ಆ ದೂಳು ಮನೆಗಳ ಒಳಗೆ ಬರುತ್ತೆ. ಆ ಗುಡ್ಡಗಳಲ್ಲಿ ಉಳಿದಿರೋ ಚಿನ್ನವನ್ನು ಹರಾಜು ಹಾಕುವ ಮಾತು ಮತ್ತೆ ಮತ್ತೆ ಏಳುತ್ತಿರುತ್ತೆ.