ಲಂಡನ್ ಬೇಸಿಗೆಗೆ ಹೋದ ಕೊಡಗಿನ ಅರಸ

ಮೊದಲೇ ಹೇಳಿಬಿಡ್ತೀನಿ, ಹಿಂದೆ ಒಂದೇ ಸಮನೆ ಕೇಳಿಸ್ತಿರೋದು ನಮ್ಮನೆ ಶೀಟಿನ ಮೇಲೆ ಬೀಳ್ತಿರೋ ಮಳೆ. ಜೂನ್ ಕೊನೆಯ ವಾರ, ಮಡಿಕೇರಿ. ಎರಡು ದಿನದಿಂದ ಕರೆಂಟ್ ಬಂದು ಹೋಗಿ ಮಾಡ್ತಿದೆ. ಲ್ಯಾಪ್‌ಟಾಪಲ್ಲಿ ಚಾರ್ಜ್ ಇರೋವಷ್ಟು ಹೊತ್ತು, ಕಂಬಳಿ ಒಳಗೆ ಕೂತು ರೆಕಾರ್ಡ್ ಮಾಡ್ತಿದ್ದೀನಿ.

ಈ ಕಂತಿಗೆ ಕಾರಣ ನನ್ನ ಚಿಕ್ಕಮ್ಮನ ಮಗಳು. ಲಂಡನ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೊನ್ನೆ ಹೈಡ್ ಪಾರ್ಕಿಂದ ಒಂದು ವಿಡಿಯೋ ಕಳಿಸಿದ್ಲು. ಕಣ್ಣು ಹಾಯಿಸಿದಷ್ಟು ದೂರ ಜನ ಹುಲ್ಲಿನ ಮೇಲೆ ಮಲಗಿದ್ದಾರೆ. ಅಜ್ಜಿಗೆ ತೋರಿಸಿದೆ. "ಇದೇನೋ, ಕಣದಲ್ಲಿ ಕಾಫಿ ಹರಡಿದ ಹಾಗೆ ಬಿದ್ದಿದಾರಲ್ಲ!" ಅಂದ್ರು. ಇನ್ನೊಂದು ವಿಡಿಯೋದಲ್ಲಿ ರಾತ್ರಿ ಒಂಬತ್ತಾದ್ರೂ ಬೆಳಕು ಹೋಗಿಲ್ಲ. ನಮಗೆ ಕೊಡೆ ಹೊರಗೆ ಬರೋ ಹೊತ್ತಿಗೆ ಅವರಿಗೆ ಬೇಸಿಗೆ. ವರ್ಷಕ್ಕೆ ಸಿಗೋದೇ ಎರಡು ಮೂರು ತಿಂಗಳು, ಒಂದು ಬಿಸಿಲೂ ಬಿಡಲ್ಲ.

ಇದೇ ಬೇಸಿಗೆಯನ್ನು 1852ರಲ್ಲಿ ನಮ್ಮ ಕಡೆಯ ಒಬ್ಬ ಅಪ್ಪ, ಒಬ್ಬಳು ಮಗಳು ನೋಡಿದ್ರು. ಅಪ್ಪ ಚಿಕ್ಕವೀರರಾಜೇಂದ್ರ, ಹಾಲೇರಿ ವಂಶದ ಕೊನೆಯ ಅರಸ. ಮಗಳು ಗೌರಮ್ಮ.

ಚಿಕ್ಕವೀರರಾಜೇಂದ್ರ ಪಟ್ಟಕ್ಕೆ ಬಂದಿದ್ದು 1820ರಲ್ಲಿ. 1834ರ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ ಮಡಿಕೇರಿ ಕೋಟೆಯೊಳಗೆ ಬಂತು, ಮೇ ತಿಂಗಳಲ್ಲಿ ಕೊಡಗು ಕಂಪನಿಯದಾಯ್ತು. ಅರಸನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ಅವನನ್ನು ಪುಣ್ಯಾತ್ಮ ಅಂತ ನಾನು ಹೇಳಲ್ಲ. ಅವನ ಕ್ರೌರ್ಯದ ಕಥೆಗಳು ನಮ್ಮಲ್ಲಿ ಮನೆಮನೆಗೂ ಗೊತ್ತು. ಸ್ವಂತ ತಂಗಿ ದೇವಮ್ಮಾಜಿ ಗಂಡನ ಜೊತೆ ರಾತ್ರೋರಾತ್ರಿ ಬ್ರಿಟಿಷರ ಹತ್ತಿರ ಓಡಿಹೋಗಬೇಕಾಯ್ತು. ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಇವನದೇ ಕಥೆ. ಆದರೆ ಅವನು ಲಂಡನ್‌ಗೆ ಹೋದ ಕಾರಣ ನೋಡಿ, ಅದು ಬಿ.ಕಾಂ. ಓದಿದ ನನ್ನಂಥವನಿಗೆ ಸಿಂಹಾಸನದ ಜಗಳಕ್ಕಿಂತ ಬೇಗ ಅರ್ಥ ಆಗುತ್ತೆ. ಅವನು ಹೋಗಿದ್ದು ಸಾಲ ವಸೂಲಿಗೆ.

ಅವನ ದೊಡ್ಡಪ್ಪ ದೊಡ್ಡವೀರರಾಜೇಂದ್ರನ ಕಾಲದಿಂದ ಕೊಡಗಿನ ಅರಮನೆಯ ಹಣ ಈಸ್ಟ್ ಇಂಡಿಯಾ ಕಂಪನಿಯ ಸಾಲಪತ್ರಗಳಲ್ಲಿತ್ತು. ಈಗಿನ ಲೆಕ್ಕದಲ್ಲಿ ಬಾಂಡ್ ಅಂದ್ಕೊಳ್ಳಿ. ಅಂದ್ರೆ ಕೊಡಗಿನ ಅರಸ ಸಾಲ ಕೊಟ್ಟವನು, ಕಂಪನಿ ಸಾಲಗಾರ. 1834ರಲ್ಲಿ ಆ ಸಾಲಗಾರನೇ ಸೈನ್ಯ ತಂದು, ರಾಜ್ಯದ ಜೊತೆಗೆ ಪತ್ರಗಳನ್ನೂ ಇಟ್ಟುಕೊಂಡ. ಅಸಲೂ ಇಲ್ಲ, ಬಡ್ಡಿಯೂ ಇಲ್ಲ. ರಾಜ್ಯ ಹೋದರೆ ಹೋಗಲಿ, ಹಣ ನನ್ನದು ಅನ್ನೋದು ಅರಸನ ವಾದ. ಮಗಳಿಗೆ ಇಂಗ್ಲಿಷ್ ವಿದ್ಯೆ ಕೊಡಿಸಬೇಕು ಅಂತ ಹೇಳಿ ಅನುಮತಿ ಪಡೆದು ಹಡಗು ಹತ್ತಿದ.

ಅವರು ತಲುಪಿದ್ದು ಸರಿಯಾಗಿ 'ಸೀಸನ್' ಹೊತ್ತಿಗೆ. ಪಾರ್ಲಿಮೆಂಟ್ ನಡೆಯೋ ಬೇಸಿಗೆಯ ತಿಂಗಳುಗಳಲ್ಲಿ ಜಮೀನ್ದಾರಿ ಕುಟುಂಬಗಳೆಲ್ಲ ಹಳ್ಳಿ ಬಿಟ್ಟು ಲಂಡನ್‌ನಲ್ಲಿ ಸೇರುತ್ತಿದ್ದವು. ನೃತ್ಯಕೂಟ, ಸಂಗೀತ, ಕುದುರೆ ರೇಸು, ಹೆಣ್ಣುಮಕ್ಕಳಿಗೆ ಗಂಡು ನೋಡೋದು, ಎಲ್ಲ ಆಗಲೇ. ಹಿಂದಿನ ವರ್ಷವಷ್ಟೇ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ದೇಶದೇಶದ ವಸ್ತುಗಳನ್ನಿಟ್ಟು ಮಹಾ ಪ್ರದರ್ಶನ ನಡೆಸಿದ್ರು. ಸುಮಾರು 60 ಲಕ್ಷ ಟಿಕೆಟ್ ಆಗಿತ್ತು. ದೂರದ ದೇಶದ್ದು ಏನೇ ಬಂದ್ರೂ ನೋಡೋಕೆ ಆ ಊರು ತಯಾರಾಗಿತ್ತು. ಅಂಥ ಹೊತ್ತಲ್ಲಿ ಒಡವೆ ತೊಟ್ಟ ಒಬ್ಬ ಮಾಜಿ ರಾಜ, ಪಕ್ಕದಲ್ಲಿ ಹನ್ನೊಂದರ ಹುಡುಗಿ.

ಆ ಬೇಸಿಗೆಯಲ್ಲೇ ಅರಮನೆಯ ಖಾಸಗಿ ಚರ್ಚಿನಲ್ಲಿ ಗೌರಮ್ಮನಿಗೆ ದೀಕ್ಷಾಸ್ನಾನ ಆಯ್ತು. ಮಾಡಿಸಿದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಧರ್ಮಮಾತೆಯಾಗಿ ನಿಂತವಳು ಸ್ವತಃ ವಿಕ್ಟೋರಿಯಾ ರಾಣಿ. ತನ್ನ ಹೆಸರನ್ನೇ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ವಿಂಟರ್‌ಹಾಲ್ಟರ್ ಅಂತ ಯುರೋಪಿನ ರಾಜಮನೆತನಗಳ ಚಿತ್ರಕಾರ ಅವಳ ಚಿತ್ರ ಬರೆದ. ಮುಂದೆ ಮರೋಕೆಟ್ಟಿ ಅನ್ನೋ ಶಿಲ್ಪಿ ಅವಳ ಅಮೃತಶಿಲೆಯ ಪ್ರತಿಮೆ ಮಾಡಿದ.

ಲಿಂಗಾಯತ ಮನೆತನದ ಅರಸ ಇದಕ್ಕೆ ಯಾಕೆ ಒಪ್ಪಿದ? ಮಗಳ ಒಳ್ಳೆಯದಕ್ಕೆ ಅಂತಾನೂ ಇರಬಹುದು. ನನಗೆ ಕಾಣೋದು ಲೆಕ್ಕ. ರಾಣಿಯೇ ಬೀಗಿತ್ತಿಯ ಹಾಗೆ ಹತ್ತಿರವಾದರೆ ಕಂಪನಿ ಎಷ್ಟು ದಿನ ಹಣ ತಡೆದೀತು ಅಂತ ಎಣಿಸಿರಬೇಕು. ಆದರೆ ರಾಣಿಯ ಪ್ರೀತಿ ಒಂದು ಖಾತೆ, ಕಂಪನಿಯ ಸಾಲ ಇನ್ನೊಂದು ಖಾತೆ. ಒಂದರಲ್ಲಿ ಜಮಾ ಆಗಿದ್ದು ಇನ್ನೊಂದಕ್ಕೆ ವರ್ಗಾವಣೆ ಆಗಲೇ ಇಲ್ಲ. ಮಗಳನ್ನು ಇಂಗ್ಲಿಷ್ ಕುಟುಂಬಗಳ ಪೋಷಣೆಗೆ ಒಪ್ಪಿಸಿದರು, ಅಪ್ಪ ಬಂದು ನೋಡೋದಕ್ಕೂ ಕಡಿವಾಣ ಬಿತ್ತು. ಇವನು ನ್ಯಾಯಾಲಯದ ಮೆಟ್ಟಿಲು ಹತ್ತಿದ. ಒಂದು ಬೇಸಿಗೆಗೆ ಅಂತ ಬಂದವನು ಏಳು ವರ್ಷ ಅಲ್ಲೇ ಉಳಿದ.

ಅದರಲ್ಲಿ 1858ರ ಬೇಸಿಗೆಯನ್ನು ಲಂಡನ್ ಇವತ್ತಿಗೂ ಮರೆತಿಲ್ಲ. ಜೂನ್‌ನಲ್ಲಿ ನೆರಳಲ್ಲೇ 34 ಡಿಗ್ರಿ ದಾಟಿದ ಸೆಕೆ. ಊರಿನ ಕಕ್ಕಸಿನ ನೀರೆಲ್ಲ ಸೇರುತ್ತಿದ್ದ ಥೇಮ್ಸ್ ನದಿ ಬತ್ತಿ, ನಾತ ಎದ್ದು, ದಡದ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡ್‌ನಲ್ಲಿ ಅದ್ದಿ ತೂಗುಹಾಕಬೇಕಾಯ್ತು. ಮೂಗು ಮುಚ್ಚಿಕೊಂಡೇ ಸದಸ್ಯರು ಒಳಚರಂಡಿಗೆ ಒಂದು ಕಾಯಿದೆ ಮಾಡಿದ್ರು. ಆ ಆಗಸ್ಟ್‌ನಲ್ಲೇ ಇನ್ನೊಂದು ಕಾಯಿದೆಯೂ ಆಯ್ತು: ಭಾರತದ ಆಡಳಿತ ಕಂಪನಿಯ ಕೈಯಿಂದ ರಾಣಿಯ ಸರ್ಕಾರಕ್ಕೆ. ಅರಸ ಯಾರ ಮೇಲೆ ದಾವೆ ಹೂಡಿದ್ದನೋ ಆ ಸಾಲಗಾರನ ಅಂಗಡಿಯೇ ಮುಚ್ಚಿತು.

1859ರ ಸೆಪ್ಟೆಂಬರ್ 24ರಂದು, ಬೇಸಿಗೆ ಮುಗಿಯೋ ಹೊತ್ತಿಗೆ, ಅರಸ ತೀರಿಕೊಂಡ. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣು ಮಾಡಿದ್ರು. ತೀರ್ಪು ಬಂದಿದ್ದು 1860ರಲ್ಲಿ. ಪತ್ರಗಳನ್ನು ಕಿತ್ತುಕೊಂಡಿದ್ದು ಯುದ್ಧದ ಭಾಗ, ಅದು ಒಂದು ರಾಜ್ಯ ಇನ್ನೊಂದು ರಾಜ್ಯದ ಮೇಲೆ ನಡೆಸಿದ ಕೃತ್ಯ, ಅದನ್ನು ವಿಚಾರಿಸೋ ಅಧಿಕಾರ ಈ ಕೋರ್ಟಿಗಿಲ್ಲ ಅಂತ ದಾವೆ ವಜಾ. ಸಾಲ ತಗೊಳ್ಳುವಾಗ ವ್ಯಾಪಾರಿ, ವಾಪಸ್ ಕೊಡುವಾಗ ಸರ್ಕಾರ! ಅದೇ ಕಂಪನಿಯ ಷೇರುದಾರರಿಗೆ ಮಾತ್ರ ಶೇಕಡಾ ಹತ್ತೂವರೆ ಡಿವಿಡೆಂಡ್ 1874ರವರೆಗೆ ತಪ್ಪಲಿಲ್ಲ.

ಗೌರಮ್ಮ? ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್‌ಗೆ ಅವಳನ್ನು ತರಬೇಕು ಅಂತ ರಾಣಿಗೆ ಆಸೆ ಇತ್ತು. ಅವನು ಒಪ್ಪಲಿಲ್ಲ. 1860ರಲ್ಲಿ ತನಗಿಂತ ತುಂಬ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಬೆಲ್‌ನ ಜೊತೆ ಮದುವೆ, ಮರುವರ್ಷ ಒಂದು ಹೆಣ್ಣುಮಗು. 1864ರಲ್ಲಿ ಅವಳು ತೀರಿಕೊಂಡಾಗ ಇಪ್ಪತ್ತಮೂರು ತುಂಬಿರಲಿಲ್ಲ. ಹುಟ್ಟಿದ್ದು ಕಾಶಿಯಲ್ಲಿ, ಬೆಳೆದಿದ್ದು ಇಂಗ್ಲೆಂಡಿನಲ್ಲಿ. ಕೊಡಗನ್ನು ಒಂದು ಸಲವೂ ಕಂಡವಳಲ್ಲ.

ಇಷ್ಟು ಓದಿದ ಮೇಲೆ ತಂಗಿಗೆ ಹೇಳಿದೆ, ಪಾರ್ಕ್ ಸಾಕು, ಈ ಭಾನುವಾರ ಬ್ರಾಂಪ್ಟನ್ ಸ್ಮಶಾನಕ್ಕೆ ಹೋಗಿ ಬಾ ಅಂತ. ಅಲ್ಲೂ ಜನ ಬಿಸಿಲಿಗೆ ಬಂದಿದ್ರಂತೆ, ಬೆಂಚಿನ ಮೇಲೆ ಪುಸ್ತಕ ಓದ್ತಾ, ಮಕ್ಕಳ ಗಾಡಿ ತಳ್ತಾ. ಹುಡುಕಿ ಹುಡುಕಿ ಸಮಾಧಿ ಹತ್ತಿರ ನಿಂತು ಫೋನ್ ಮಾಡಿದ್ಲು. "ಅಣ್ಣಾ, ಕಲ್ಲಿನ ಮೇಲೆ ಕೂರ್ಗ್ ಅಂತ ಇದೆ" ಅಂದ್ಲು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವಳ ಕಡೆಯಿಂದ ಹಕ್ಕಿ ಸದ್ದು, ನನ್ನ ಕಡೆಯಿಂದ ಇದೇ ಮಳೆ. ಪಕ್ಕದಲ್ಲಿದ್ದ ಅಜ್ಜಿ ಕೇಳಿದ್ದು ಒಂದೇ ಮಾತು: "ಆ ಮಗು ನಮ್ಮ ಮಳೆ ನೋಡಲೇ ಇಲ್ವಾ?"

ಮಡಿಕೇರಿಗೆ ಬಂದವರು ರಾಜಾಸೀಟಿನಲ್ಲಿ ಫೋಟೋ ತೆಗೆಸಿಕೊಂಡು ಹೋಗ್ತೀರಿ. ಈ ಸಲ ಗದ್ದಿಗೆಗೂ ಹೋಗಿ. ದೊಡ್ಡವೀರರಾಜೇಂದ್ರ ಅಲ್ಲಿದ್ದಾನೆ, ಲಿಂಗರಾಜೇಂದ್ರ ಅಲ್ಲಿದ್ದಾನೆ. ಲಿಂಗರಾಜೇಂದ್ರನ ಮಗ ಯಾಕಿಲ್ಲ ಅಂತ ಜೊತೆಗಿದ್ದ ಮಕ್ಕಳು ಕೇಳಿದ್ರೆ, ಅವನು ಮಾಡಿದ್ದನ್ನೂ ಹೇಳಿ, ಅವನಿಗೆ ಆಗಿದ್ದನ್ನೂ ಹೇಳಿ. ಒಂದೇ ಬದಿ ಬರೆದರೆ ಅದು ಲೆಕ್ಕ ಅನ್ನಿಸಿಕೊಳ್ಳಲ್ಲ.

ಚಾರ್ಜ್ ನಾಲ್ಕು ಪರ್ಸೆಂಟ್ ಅಂತ ತೋರಿಸ್ತಿದೆ. ಇಲ್ಲಿಗೆ ನಿಲ್ಲಿಸ್ತೀನಿ. ಮುಂದಿನ ಕಂತಿನಲ್ಲಿ ಸಿಗೋಣ, ಕರೆಂಟ್ ಇದ್ರೆ.