ಫ್ಲಾರೆನ್ಸ್ ನಗರದ ಬಾವುಟಗಳು

ರಾಜ್ಯಕ್ಕೊಂದು ಬಾವುಟವಿರುವುದು ಎಲ್ಲರೂ ಬಲ್ಲ ಸಂಗತಿ. ಒಂದು ಊರಿಗೇ ಪ್ರತ್ಯೇಕವಾದ ಬಾವುಟವುಂಟೆಂದರೆ ಅದು ಪುರಸಭೆಯ ಅಲಂಕಾರಗಳಲ್ಲೊಂದೆಂದು ನಮಗೆ ತೋರುವುದು ಸಹಜ. ಮಧ್ಯಯುಗದ ಇಟಲಿಯಲ್ಲಾದರೋ ಊರೇ ರಾಜ್ಯವಾಗಿದ್ದಿತು. ಅಲ್ಲಿ ಬಾವುಟ ಯಾರ ಕೈಯಲ್ಲಿದೆಯೆಂಬುದು ಊರು ಯಾರದೆಂಬ ಪ್ರಶ್ನೆಗೆ ಉತ್ತರವೇ ಆಗಿದ್ದಿತು. ಫ್ಲಾರೆನ್ಸ್ ನಗರವೊಂದರ ಚರಿತ್ರೆಯಿಂದಲೇ ಇದನ್ನು ಪರಿಶೀಲಿಸೋಣ.

ಆ ನಗರದ ಲಾಂಛನ ಲಿಲ್ಲಿ ಹೂವು. (ಸಸ್ಯಶಾಸ್ತ್ರಜ್ಞರು ಅದನ್ನು ಲಿಲ್ಲಿಯೆಂದು ಒಪ್ಪದೆ ಐರಿಸ್ ಎನ್ನುತ್ತಾರೆ, ಆ ವಿವಾದ ಅವರಿಗೇ ಇರಲಿ.) ಮೊದಲು ಅದು ಕೆಂಪು ನೆಲದ ಮೇಲೆ ಬಿಳಿಯ ಹೂವಾಗಿದ್ದಿತು. 1251ರಲ್ಲಿ ಗಿಬೆಲೀನ್ ಪಕ್ಷದ ಮುಖಂಡರು ಊರು ಬಿಟ್ಟು ಹೋಗಬೇಕಾಗಿ ಬಂದಾಗ, ಗೆದ್ದ ಗ್ವೆಲ್ಫ್ ಪಕ್ಷದವರು ಬಣ್ಣಗಳನ್ನು ಅದಲುಬದಲು ಮಾಡಿ ಬಿಳಿಯ ನೆಲದ ಮೇಲೆ ಕೆಂಪು ಹೂವನ್ನು ಬರೆಸಿದರು. ಹೊರಗೆ ಹೋದವರು ಹಳೆಯದನ್ನೇ ಹಿಡಿದರು. ಹೀಗೆ ಒಂದೇ ಊರಿಗೆ ಎರಡು ಬಾವುಟಗಳಾದುವು. ಎರಡು ಪಕ್ಷದವರೂ ತಮ್ಮದೇ ನಿಜವಾದುದೆಂದರು. ಇಂದಿಗೂ ನಗರದ ಲಾಂಛನದಲ್ಲಿರುವುದು ಗೆದ್ದವರ ಕೆಂಪು ಹೂವೇ.

ಯುದ್ಧದ ಬಾವುಟದ ವೈಭವವೇ ಬೇರೆ. ಅದಕ್ಕೆ ಕರ್ರೋಚ್ಚೊ ಎಂಬ ನಾಲ್ಕು ಗಾಲಿಯ ಬಂಡಿಯಿದ್ದಿತು. ನಮ್ಮ ತೇರನ್ನು ಕಂಡವರು ಅದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಬಂಡಿಯೆಲ್ಲ ಕೆಂಪು, ಅದರ ಮೇಲೆ ಎರಡು ಎತ್ತರವಾದ ಕೆಂಪು ಕಂಬಗಳು, ಅವುಗಳಲ್ಲಿ ಅರ್ಧ ಬಿಳುಪು, ಅರ್ಧ ಕೆಂಪಾದ ದೊಡ್ಡ ಪತಾಕೆ, ಎಳೆಯುವ ಎತ್ತುಗಳಿಗೂ ಕೆಂಪು ಜೂಲು. ಚರಿತ್ರಕಾರ ವಿಲ್ಲಾನಿಯ ಬರೆಹದಿಂದ ಇದು ತಿಳಿದುಬರುತ್ತದೆ. ಯುದ್ಧಕ್ಕೆ ಒಂದು ತಿಂಗಳು ಮೊದಲಿನಿಂದಲೂ ಮಾರ್ತಿನೆಲ್ಲ ಎಂಬ ಗಂಟೆಯನ್ನು ಬಾರಿಸುತ್ತಿದ್ದರಂತೆ. ಎತ್ತಿನ ಬಂಡಿ ಓಡಿಹೋಗಲಾರದು. ಅದನ್ನು ಬಿಟ್ಟು ಓಡುವುದು ಊರನ್ನೇ ಬಿಟ್ಟಂತೆ. ಸಾಮಾನ್ಯ ನಾಗರಿಕರ ಪದಾತಿಯನ್ನು ನಿಲ್ಲಿಸುವ ಉಪಾಯ ಇದರಲ್ಲಿ ಅಡಗಿದ್ದಿತು.

1260ನೆಯ ಸೆಪ್ಟೆಂಬರ್ 4ರಂದು ಮೊಂತಪೆರ್ತಿಯಲ್ಲಿ ಸಿಯೆನಾದವರೊಡನೆ ಯುದ್ಧವಾದಾಗ ಈ ಉಪಾಯ ಫಲಿಸಲಿಲ್ಲ. ಫ್ಲಾರೆನ್ಸಿನವನೇ ಆದ ಬೊಕ್ಕ ದೆಲ್ಯಿ ಅಬಾತಿಯೆಂಬವನು ಅಶ್ವದಳದ ಬಾವುಟವನ್ನು ಹಿಡಿದಿದ್ದವನ ಕೈಯನ್ನು ಕತ್ತಿಯಿಂದ ಕಡಿದನು. ಬಾವುಟ ಕೆಳಗೆ ಬಿದ್ದುದನ್ನು ಕಂಡ ದಳ ಚದುರಿತು. ಕರ್ರೋಚ್ಚೊ ಶತ್ರುಗಳ ಪಾಲಾಯಿತು. ಡಾಂಟೆ ಕವಿ ಈ ದ್ರೋಹಿಯನ್ನು ನರಕದ ಹಿಮದಲ್ಲಿ ಹೂತು ನಿಲ್ಲಿಸಿದ್ದಾನೆ.

ನಮಗೆ ಇದಕ್ಕಿಂತಲೂ ಮುಖ್ಯವೆಂದು ತೋರುವ ಪ್ರಸಂಗ ನೂರಹದಿನೆಂಟು ವರ್ಷಗಳ ಅನಂತರ ನಡೆಯಿತು. ಆ ಕಾಲದಲ್ಲಿ ನಗರದ ಆಡಳಿತ 21 ವೃತ್ತಿಶ್ರೇಣಿಗಳದಾಗಿದ್ದಿತು. ಒಂದೊಂದು ಶ್ರೇಣಿಗೂ ಒಂದೊಂದು ಬಾವುಟ. ಉಣ್ಣೆಯನ್ನು ಹಿಂಜಿ ಬಾಚಿ ಕೂಲಿಯಿಂದ ಬದುಕುತ್ತಿದ್ದ ಚೋಂಪಿಗಳಿಗೆ ಮಾತ್ರ ಶ್ರೇಣಿಯೂ ಇಲ್ಲ, ಬಾವುಟವೂ ಇಲ್ಲ. ಉಣ್ಣೆಯ ಯಜಮಾನರ ಶ್ರೇಣಿಯ ಅಧಿಕಾರಿಯ ದಂಡನೆಗೆ ಅವರು ಒಳಗಾಗಿದ್ದರು. 1378ರ ಜುಲೈ ತಿಂಗಳಲ್ಲಿ ಅವರು ದಂಗೆಯೆದ್ದು ನಗರದ ನ್ಯಾಯಧ್ವಜವನ್ನು, ಎಂದರೆ ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆಯ ಬಾವುಟವನ್ನು, ವಶಪಡಿಸಿಕೊಂಡು ಅದರ ಕೆಳಗೆ ಧನಿಕರ ಮನೆಗಳನ್ನು ಸುಟ್ಟರು. ಇದನ್ನು ಬರಿಯ ಪುಂಡಾಟವೆಂದು ಹೇಳುವವರು ಒಂದು ವಿಷಯವನ್ನು ಮರೆಯುತ್ತಾರೆ. 1293ರ ಶಾಸನದಂತೆ, ತಪ್ಪು ಮಾಡಿದ ಪ್ರಬಲರ ಮನೆಗಳನ್ನು ಕೆಡವುವುದಕ್ಕೆ ಸರ್ಕಾರವೇ ಹೊರಡುತ್ತಿದ್ದುದು ಈ ಧ್ವಜದೊಡನೆ. ಬಡವರು ಬಾವುಟದ ಜೊತೆಗೆ ಆ ಅಧಿಕಾರವನ್ನೂ ಎತ್ತಿಕೊಂಡಿದ್ದರು.

ಜುಲೈ 22ರಂದು ಮಿಕೇಲೆ ದಿ ಲಾಂದೊ ಎಂಬ ಉಣ್ಣೆಯ ಕೆಲಸಗಾರ ಆ ಧ್ವಜವನ್ನು ಹಿಡಿದು ಅರಮನೆಯನ್ನು ಹೊಕ್ಕನು. ಜನ ಅವನನ್ನೇ ಧ್ವಜಾಧಿಪತಿಯನ್ನಾಗಿ ಮಾಡಿದರು. ಮೂರು ಹೊಸ ಶ್ರೇಣಿಗಳು ಹುಟ್ಟಿದುವು. ಚೋಂಪಿಗಳ ಶ್ರೇಣಿಗೆ ದೇವದೂತನ ಚಿತ್ರದ ಬಾವುಟ ಬಂದಿತು. ಆದರೆ ಕೆಲಸವಿಲ್ಲ, ಕೂಲಿಯಿಲ್ಲ. ಅಸಮಾಧಾನ ಮತ್ತೆ ಹೊಗೆಯಾಡಿತು. ಆಗಸ್ಟ್ 31ರಂದು ಶ್ರೇಣಿಗಳೆಲ್ಲ ತಮ್ಮ ಬಾವುಟಗಳನ್ನು ತಂದೊಪ್ಪಿಸಬೇಕೆಂದು ಆಜ್ಞೆಯಾಯಿತು. ಉಳಿದವರು ಒಪ್ಪಿಸಿದರು, ಚೋಂಪಿಗಳು ಒಲ್ಲೆವೆಂದರು. ಆರು ವಾರಗಳ ಹಿಂದೆ ತಮಗೆ ಬಾವುಟವೇ ಇಲ್ಲದಿದ್ದವರು ಅದನ್ನು ಕೈಬಿಡಲಾರದೆ ಹೋದುದರಲ್ಲಿ ಆಶ್ಚರ್ಯವೇನು? ಚೌಕದಲ್ಲಿ ಇತರ ಶ್ರೇಣಿಗಳವರು ಅವರ ಮೇಲೆ ಬಿದ್ದರು. ಅದೇ ದಿನ ನ್ಯಾಯಧ್ವಜದೊಡನೆ ಕುದುರೆಯೇರಿ ಅವರನ್ನು ಅಟ್ಟಿದವನು ಮಿಕೇಲೆಯೇ.

ದೇವದೂತನ ಶ್ರೇಣಿ ಆಗಲೇ ಅಳಿಯಿತು; ಉಳಿದೆರಡು ಹೊಸ ಶ್ರೇಣಿಗಳನ್ನು 1382ರಲ್ಲಿ ತೆಗೆದುಹಾಕಿದರು. ಅದೇ ವರ್ಷ ಮಿಕೇಲೆಯನ್ನೂ ಊರಿನಿಂದ ಹೊರಗಟ್ಟಿದರು. ಐದು ಶತಮಾನಗಳಾದ ಮೇಲೆ, ಫ್ಲಾರೆನ್ಸಿನ ಹೊಸಪೇಟೆಯ ಮಂಟಪದ ಗೂಡೊಂದರಲ್ಲಿ ಅವನ ವಿಗ್ರಹವನ್ನು ನಿಲ್ಲಿಸಿದರು.