ಹೆಚ್ಚು ಓದಿದವರು ಮತ್ತು ಕೆಳಗಿನ ಮೆಟ್ಟಿಲು: ಹರ್ತಿಯಿಂದ ಒಂದು ತಕರಾರು

ಅರ್ಜಿದಾರರು ಹೆಚ್ಚಿದಂತೆ ಅದೇ ಕೆಲಸಕ್ಕೆ ದೊಡ್ಡ ಪ್ರಮಾಣಪತ್ರ ಕೇಳಲಾಗುತ್ತದೆ ಎಂದು ಸಮಾಜಶಾಸ್ತ್ರಜ್ಞ ರೊನಾಲ್ಡ್ ಡೋರ್ 1976ರ ‘ದಿ ಡಿಪ್ಲೊಮಾ ಡಿಸೀಸ್’ ಕೃತಿಯಲ್ಲಿ ವಾದಿಸಿದರು. ಅರ್ಥಶಾಸ್ತ್ರಜ್ಞ ಲೆಸ್ಟರ್ ಥರೋ ಇದನ್ನು ಸರದಿಯ ಸಾಲಾಗಿ ಕಂಡರು: ಹೆಚ್ಚು ಓದಿದವರು ಮುಂದೆ, ಉಳಿದವರು ಹಿಂದೆ. ಧಾರವಾಡ ಸೀಮೆಯಲ್ಲಿ ಇದಕ್ಕೆ ಸಾಕ್ಷಿ ಹುಡುಕಬೇಕಿಲ್ಲ. ಒಂದು ಕಾಲಕ್ಕೆ ಮುಲ್ಕಿ ಪರೀಕ್ಷೆ ಪಾಸಾದವರೇ ಸಾಲಿ ಮಾಸ್ತರರಾಗುತ್ತಿದ್ದರು. ಇಂದು ಪಿಯುಸಿ, ಡಿ.ಇಡಿ., ಟಿಇಟಿ ಮೂರೂ ಬೇಕು.

ಆದರೆ ಈ ಮಾತು ಪೂರ್ತಿ ನಿಜವಾಗಿದ್ದರೆ, ಗದಗ ತಾಲ್ಲೂಕಿನ ಹರ್ತಿಯಿಂದ ಪೇಟೆಯ ಬೀಜ-ಗೊಬ್ಬರದ ಅಂಗಡಿಗೆ ಕೆಲಸ ಕೇಳಿ ಹೋಗುವ ಎಂ.ಎ. ಪದವೀಧರನಿಗೆ ಮೊದಲ ಕರೆ ಬರಬೇಕಿತ್ತು. ಅವನಿಗೆ ಸಿಗುವ ಉತ್ತರ ‘ಕಲತಾಂವ ನಿಲ್ಲಾಂಗಿಲ್ಲ’ ಎಂಬುದು. ಡೋರ್ ಅವರ ಸೂತ್ರ ಇಲ್ಲಿ ಏಕೆ ತಲೆಕೆಳಗಾಗುತ್ತದೆ?

ಉತ್ತರ ಪದವಿಯಲ್ಲಿಲ್ಲ, ಆಯ್ಕೆಯ ಜರಡಿಯಲ್ಲಿದೆ ಎಂಬುದು ನನ್ನ ವಾದ. ಗ್ರಾಮ ಲೆಕ್ಕಾಧಿಕಾರಿ ಹುದ್ದೆಯನ್ನೇ ನೋಡೋಣ. ಹಿಂದೆ ಪಿಯುಸಿ ಅಂಕಗಳ ಮೇಲೆ ಪಟ್ಟಿಯಾಗುತ್ತಿತ್ತು. ಆಮೇಲಿನ ಓದಿಗೆ ಅಲ್ಲಿ ತೂಕವಿರಲಿಲ್ಲ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಎಂಬ ಹೊಸ ಹೆಸರಿನಡಿ 1000 ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ಬಂತು. ವಿದ್ಯಾರ್ಹತೆ ಪಿಯುಸಿಯೇ ಉಳಿಯಿತು, ಆದರೆ ಹೆಚ್ಚು ವರ್ಷ ಓದಿದವರ ಅಭ್ಯಾಸಬಲಕ್ಕೆ ಬಾಗಿಲು ತೆರೆಯಿತು. ಪರೀಕ್ಷೆ ಆರಿಸುವಲ್ಲಿ ಡೋರ್ ಸರಿ. ಮನುಷ್ಯ ಮನುಷ್ಯನನ್ನು ಆರಿಸುವಲ್ಲಿ ಅಲ್ಲ.

ನ್ಯಾಯಾಲಯಗಳೂ ಈ ಒಡಕನ್ನು ಕಂಡಿವೆ. ನಾಗಪುರ ಜಿಲ್ಲಾ ನ್ಯಾಯಾಲಯದ ಜವಾನ ಹುದ್ದೆಗಳ ಪ್ರಕರಣದಲ್ಲಿ, ಹೆಚ್ಚಿನ ಅರ್ಹತೆಯಿದೆ ಎಂದು ಅಭ್ಯರ್ಥಿಯನ್ನು ಪರಿಗಣಿಸದೇ ಬಿಡುವುದು ತರ್ಕಬದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಹೇಳಿತು. ಪಂಜಾಬ್ ನ್ಯಾಷನಲ್ ಬ್ಯಾಂಕ್ ಮಾತ್ರ ತನ್ನ ಜವಾನ ಹುದ್ದೆಯ ಜಾಹೀರಾತಿನಲ್ಲಿಯೇ ‘12ನೇ ತರಗತಿ ಪಾಸಾಗಿರಬೇಕು, ಪದವೀಧರರಾಗಿರಬಾರದು’ ಎಂಬ ಷರತ್ತು ಹಾಕಿತ್ತು. ಪದವಿ ಮುಚ್ಚಿಟ್ಟು ಆಯ್ಕೆಯಾದವನ ವಿರುದ್ಧ 2020ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಈ ಮೇಲ್ಮಿತಿಯೇ ನನಗೆ ಮುಖ್ಯ ಪುರಾವೆ. ತಡೆಯದಿದ್ದರೆ ಪದವೀಧರರು ತುಂಬಿಕೊಳ್ಳುತ್ತಾರೆಂಬ ಅಂದಾಜು ಇಲ್ಲದೆ ಇಂಥ ಷರತ್ತು ಹುಟ್ಟುವುದಿಲ್ಲ. ಅವರು ಬೇಡವೆಂಬ ಇಚ್ಛೆ ಇಲ್ಲದೆಯೂ ಹುಟ್ಟುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದಿಡುತ್ತೇನೆ, ಅಳುಕಿನಿಂದಲೇ. ಕೆಳಗಿನ ಮೆಟ್ಟಿಲಲ್ಲಿ ಪದವಿಯನ್ನು ಸಾಮರ್ಥ್ಯದ ಗುರುತಾಗಿ ಓದುವುದಿಲ್ಲ. ಬೇರೆಡೆ ಹೋಗಬಲ್ಲವನ, ಬಹುಶಃ ಎದುರು ಮಾತಾಡಬಲ್ಲವನ ಗುರುತಾಗಿ ಓದುತ್ತಾರೆ. ಬ್ಯಾಂಕಿನ ಅರ್ಜಿಯಲ್ಲಿ ಪದವಿ ಮುಚ್ಚಿಡಬಹುದಿತ್ತು. ಯಾರ ಮಗ ಎಲ್ಲಿವರೆಗೆ ಓದಿದ್ದಾನೆಂದು ಎಲ್ಲರಿಗೂ ಗೊತ್ತಿರುವ ಊರಿನವನಿಗೆ ಆ ದಾರಿಯೂ ಇಲ್ಲ. ಅಂಗಡಿಕಾರನ ಭಯವನ್ನು ನಾನು ಹೀಗಳೆಯುವುದಿಲ್ಲ: ಕೆಲಸ ಕಲಿತವನು ಹಂಗಾಮಿನ ನಡುವೆ ಬಿಟ್ಟು ಹೋದರೆ ನಷ್ಟ ಅಂಗಡಿಕಾರನದೇ. ಆದರೂ ಭಯದ ಬೆಲೆಯನ್ನು ತೆರುವವನು, ಹೋಗಲು ಬೇರೆ ಜಾಗವೇ ಇಲ್ಲದ ಪದವೀಧರ. ಈ ಅನ್ಯಾಯವನ್ನು ಸಿದ್ಧಾಂತಗಳು ಲೆಕ್ಕಕ್ಕೆ ಹಿಡಿದಿಲ್ಲ.

ಬಿಟ್ಟುಹೋಗುವ ಭಯ ಎಷ್ಟು, ಎದುರು ಮಾತಿನ ಭಯ ಎಷ್ಟು ಎಂದು ಬೇರ್ಪಡಿಸಲು ಇಲ್ಲಿನ ಸಾಮಗ್ರಿ ಸಾಲದು. ಮದುವೆಯಾಗಿ ಊರಲ್ಲೇ ನೆಲೆಸಿದ ಪದವೀಧರೆಯರ ಅನುಭವ ದಾಖಲಾದರೆ ಅದು ಸಾಧ್ಯವಾಗಬಹುದು. ಅವರು ಊರು ಬಿಡುವವರಲ್ಲವೆಂದು ಎಲ್ಲರಿಗೂ ಗೊತ್ತು. ಅವರನ್ನೂ ಇದೇ ಮಾತು ಹೇಳಿ ತಿರಸ್ಕರಿಸುತ್ತಿದ್ದಾರೆಯೇ ಎಂಬುದನ್ನು ಮೊದಲು ಕೇಳಬೇಕಿದೆ.